ವಿನೊಗ್ರಾಡ್ ವಾಕ್ಯಸಂಗ್ರಹ: ಪುಕ್ಕಟೆ ಸರಕು, ನೋಡಿ ಬಳಸಿ

‘ಟ್ರೋಫಿ ಸೂಟ್‌ಕೇಸಿನಲ್ಲಿ ಹಿಡಿಸುತ್ತಿಲ್ಲ, ಏಕೆಂದರೆ ಅದು ತೀರಾ ದೊಡ್ಡದು.’ ದೊಡ್ಡದು ಟ್ರೋಫಿ. ಕೊನೆಯ ಪದವನ್ನು ‘ಚಿಕ್ಕದು’ ಎಂದು ಬದಲಿಸಿ, ‘ಅದು’ ಸೂಟ್‌ಕೇಸ್ ಆಗುತ್ತದೆ. ವ್ಯಾಕರಣ ಇಲ್ಲಿ ಕೈಹಿಡಿಯುವುದಿಲ್ಲ, ಲೋಕಜ್ಞಾನವೇ ಬೇಕು. ಕೃತಕ ಬುದ್ಧಿಮತ್ತೆಯ ಸಂಶೋಧಕ ಹೆಕ್ಟರ್ ಲೆವೆಸ್ಕ್ 2011ರಲ್ಲಿ ಯಂತ್ರಗಳಿಗೆ ಒಡ್ಡಿದ ವಿನೊಗ್ರಾಡ್ ಸ್ಕೀಮಾ ಚಾಲೆಂಜ್ ಇಂಥ ಇಂಗ್ಲಿಷ್ ವಾಕ್ಯಗಳ ಸಂಗ್ರಹ. ಹೆಚ್ಚು ಬಳಕೆಯಲ್ಲಿರುವ ಆವೃತ್ತಿಯಲ್ಲಿ 273 ವಾಕ್ಯಗಳಿವೆ.

ಹೆಣಿಗೆ ಬಹುಪಾಲು ಅಚ್ಚುಕಟ್ಟು. ಅಲ್ಲಲ್ಲಿ ಜೊಳ್ಳೂ ಇದೆ: ಸಿಂಹ, ಜೀಬ್ರಾಗಳ ವಾಕ್ಯದಲ್ಲಿ ‘ಬೇಟೆಯಾಡುವ ಪ್ರಾಣಿ’ ಎಂದೊಡನೆ ಸಿಂಹವೇ ಎಂದು ಪದಸಾಹಚರ್ಯದಿಂದಲೇ ಗೊತ್ತಾಗುತ್ತದೆ.

ಆದರೆ ಅಂಕ ಕೊಡುವ ಪರೀಕ್ಷೆಯಾಗಿ ಇದರ ಕಾಲ ಮುಗಿಯಿತು. 2016ರ ಸ್ಪರ್ಧೆಯಲ್ಲಿ ಅತ್ಯುತ್ತಮ ತಂತ್ರಾಂಶಕ್ಕೆ ಸಿಕ್ಕಿದ್ದು 58%. ಅಲ್ಲಿ ಕಣ್ಣುಮುಚ್ಚಿ ಊಹಿಸಿದರೂ ಸುಮಾರು 45% ಬರುತ್ತಿತ್ತು. ಇದೇ ಬಗೆಯ ಸುಮಾರು 44,000 ಪ್ರಶ್ನೆಗಳ ವಿನೊಗ್ರಾಂಡೆ ಸಂಗ್ರಹದ ಮೇಲೆ ಪಳಗಿದ ಭಾಷಾ ಮಾದರಿಗಳು 2019ರಲ್ಲೇ ಈ 273 ವಾಕ್ಯಗಳಲ್ಲಿ 90% ಮುಟ್ಟಿದವು. ಈಗಂತೂ ಈ ವಾಕ್ಯಗಳು ಜಾಲದ ತುಂಬ ಹರಡಿವೆ, ಬಾಯಿಪಾಠ ಯಾವುದು, ತಿಳಿವಳಿಕೆ ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ಹಾಗಾಗಿ ಬಿಡಿ ವಾಕ್ಯಕ್ಕೆ ಅಂಕ ಕೊಡಬೇಡಿ. ಒಂದು ಪದ ಬದಲಿಸಿದ ಜೋಡಿಯ ಎರಡೂ ವಾಕ್ಯ ಸರಿಯಾದರೆ ಮಾತ್ರ ಕೊಡಿ. ಊಹೆಯ ಪಾಲು 50%ರಿಂದ 25%ಕ್ಕೆ ಇಳಿಯುತ್ತದೆ. ಆಮೇಲೆ ಹೆಸರುಗಳನ್ನು ಅದಲುಬದಲು ಮಾಡಿ: ಸೂಸನ್ ಮಾಡಿದ ಸಹಾಯಕ್ಕೆ ಜೋನ್ ಧನ್ಯವಾದ ಹೇಳುವ ವಾಕ್ಯದಲ್ಲಿ ಜೋನ್ ಇದ್ದಲ್ಲಿ ಸೂಸನ್, ಸೂಸನ್ ಇದ್ದಲ್ಲಿ ಜೋನ್. ಉತ್ತರವೂ ಅದಲುಬದಲಾಗದಿದ್ದರೆ ಮಾದರಿ ಹೆಸರನ್ನಷ್ಟೇ ನೋಡುತ್ತಿದೆ. ಟ್ರೋಫಿ, ಸೂಟ್‌ಕೇಸಿಗೆ ಈ ಉಪಾಯ ನಡೆಯದು, ವಾಕ್ಯವೇ ಅಸಂಬದ್ಧವಾಗುತ್ತದೆ.

ಇಂಗ್ಲಿಷ್‌ನಿಂದ ಕನ್ನಡಕ್ಕೆ ಯಂತ್ರಾನುವಾದ ಅಳೆಯಲು ಹೊರಟವರಿಗೆ ಬೇರೆಯೇ ತೊಡಕು. ಟ್ರೋಫಿಯೂ ‘ಅದು’, ಸೂಟ್‌ಕೇಸೂ ‘ಅದು’. ಏನೂ ಅರ್ಥವಾಗದ ಯಂತ್ರವೂ ಪಾಸು! ನಗರಸಭಾ ಸದಸ್ಯರು ಪ್ರತಿಭಟನಕಾರರಿಗೆ ಅನುಮತಿ ನಿರಾಕರಿಸುವ ಪ್ರಸಿದ್ಧ ವಾಕ್ಯದಲ್ಲಿ ಇಬ್ಬರೂ ‘ಅವರು’, ಅದೂ ಬೇಡ. ಇಂಗ್ಲಿಷ್‌ನ ‘ದೇ’ (they) ಮನುಷ್ಯರಿಗೂ ವಸ್ತುಗಳಿಗೂ ಅನ್ವಯಿಸಬಲ್ಲ ವಾಕ್ಯಗಳನ್ನು ಆರಿಸಿ. ಮಹಿಳೆಯರು ಮಾತ್ರೆ ನಿಲ್ಲಿಸಿದರು, ಏಕೆಂದರೆ ‘ದೇ’ ಗರ್ಭಿಣಿ ಅಥವಾ ಕ್ಯಾನ್ಸರ್‌ಕಾರಕ: ಮಾತ್ರೆ ಬಸುರಾಗದು ಎಂದು ಲೆವೆಸ್ಕ್ ಇದನ್ನು ತೀರಾ ಸುಲಭವೆಂದು ತಳ್ಳಿದ್ದರು. ನಮಗೆ ಮಾತ್ರ ಇದು ಉಪಯುಕ್ತ, ‘ಅವರು ಆಗಿದ್ದರು’, ‘ಅವು ಆಗಿದ್ದವು’ ಎಂದು ಕ್ರಿಯಾಪದದ ತುದಿಯೇ ತಪ್ಪನ್ನು ಹೊರಗೆಡಹುತ್ತದೆ. ಸೂಸನ್‌ಗೆ ಜೋನ್ ಧನ್ಯವಾದ ಹೇಳುವ ಜೋಡಿಯೂ ಒಳ್ಳೆಯದು; ‘ಅವಳು ಮಾಡಿದ ಸಹಾಯ’, ‘ತನಗೆ ಸಿಕ್ಕ ಸಹಾಯ’ ಎರಡನ್ನೂ ಯಂತ್ರ ಸರಿಯಾಗಿ ಬಿಡಿಸಬೇಕು.

ಗ್ಲೂ (GLUE) ಎಂಬ ಭಾಷಾ ಪರೀಕ್ಷಾಮಾಲೆಯಲ್ಲಿರುವ ಇದರ ರೂಪಾಂತರವನ್ನು ಬಿಟ್ಟುಬಿಡಿ. ತರಬೇತಿಯ ವಾಕ್ಯಗಳೇ ಅಲ್ಲಿನ ಡೆವ್ ಭಾಗದಲ್ಲಿ (ತರಬೇತಿಯ ನಡುವೆ ಮಾದರಿಯನ್ನು ಪರೀಕ್ಷಿಸಲು ಎತ್ತಿಟ್ಟ ಭಾಗ) ತಿರುಗುಮುರುಗು ಉತ್ತರದೊಂದಿಗೆ ಬರುತ್ತವೆ, ಉರುಹೊಡೆದ ಮಾದರಿಗೆ ಊಹೆಗಿಂತಲೂ ಕಡಿಮೆ ಅಂಕ ಬೀಳುತ್ತದೆ.