ಡಬ್ಬದ ಮೇಲೆ 32 ಬಿಟ್, ಒಳಗೆ ಹದಿನೆಂಟೂವರೆ

ಕತೆ ಓದಿ ರೆಕಾರ್ಡ್ ಮಾಡುವುದು ನನ್ನ ಕೆಲಸ. ಎಂಟು ತಿಂಗಳಿಂದ ಒಂದು ಪುಟ್ಟ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬಳಸುತ್ತಿದ್ದೇನೆ, ಮೈಕಿನ ದನಿಯನ್ನು ಕಂಪ್ಯೂಟರಿಗೆ, ಕಂಪ್ಯೂಟರಿನದನ್ನು ಹೆಡ್‌ಫೋನಿಗೆ ದಾಟಿಸುವ ಪೆಟ್ಟಿಗೆ. ದೂರೂ ಇರುವುದರಿಂದ ಕಂಪನಿ ಹೆಸರು ಬೇಡ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ '32 ಬಿಟ್' (ದನಿಯ ಒಂದೊಂದು ಅಳತೆ ಬರೆಯಲು ಎಷ್ಟು ಅಂಕಿಯ ಜಾಗ ಅನ್ನುವ ಲೆಕ್ಕ) ಅಂತಿತ್ತು. ಅದಕ್ಕೇ ಮರುಳಾದೆ.

ಮೊದಲ ವಾರವೇ ಪೆಟ್ಟು ಬಿತ್ತು. ಕತೆಯಲ್ಲಿ ರಾಕ್ಷಸ ಗಹಗಹಿಸಿ ನಗಬೇಕು. ನಕ್ಕೆ, ದನಿ ಮಿತಿ ಮೀರಿತು ಅನ್ನುವ ಕೆಂಪು ದೀಪ ಹತ್ತಿತು. 32 ಬಿಟ್ ಅಲ್ವಾ, ಆಮೇಲೆ ವಾಲ್ಯೂಮ್ ಇಳಿಸಿದರಾಯಿತು ಅಂದುಕೊಂಡೆ. ಇಳಿಸಿದೆ. ನಗು ಚಿಕ್ಕದಾಯಿತು, ಅಲೆಯ ತಲೆ ಮಾತ್ರ ಕತ್ತರಿಸಿದ ಹಾಗೇ ಚಪ್ಪಟೆಯಾಗಿತ್ತು. ಹಾಗೆ ಉಳಿಸಿಕೊಡುವುದು 32 ಬಿಟ್ ಫ್ಲೋಟ್ (ಮಿತಿ ಮೀರಿದ ಅಂಕಿಯನ್ನೂ ಬರೆದಿಡುವ ವಿಧಾನ), ಅದೂ ಒಳಗಿನ ಎಡಿಸಿ (ದನಿಯನ್ನು ಅಂಕಿ ಮಾಡುವ ಚಿಪ್) ಅಷ್ಟು ಜೋರು ತಾಳಿಕೊಂಡರೆ. ಇದು ಬರೀ ಇಂಟಿಜರ್, ಮಿತಿ ದಾಟಿದ್ದು ಕತ್ತರಿಸಿಹೋಗುತ್ತದೆ.

ಅನುಮಾನ ಬಂದು ಫೈಲನ್ನು, ಒಳಗಿನ ಬೈಟ್‌ಗಳನ್ನು ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದೆ. ಒಂದು ಸ್ಯಾಂಪಲ್‌ಗೆ (ದನಿಯ ಒಂದು ಅಳತೆಗೆ) ನಾಲ್ಕು ಬೈಟ್, ಬೈಟಿಗೆ 8 ಬಿಟ್. ನಾಲ್ಕರಲ್ಲಿ ಮೊದಲನೆಯದು 00. ಮುಂದಿನದರಲ್ಲೂ 00. ಎಷ್ಟು ಕೆಳಗೆ ಹೋದರೂ ಅಷ್ಟೇ. ವೇವ್ ಫೈಲಿನಲ್ಲಿ ಕೆಳಗಿನ, ಅಂದರೆ ಕಡಿಮೆ ಬೆಲೆಯ ಬೈಟೇ ಮೊದಲು ಬರುವುದು. ಅಂದರೆ 24 ಬಿಟ್ ಮಾಲನ್ನು 32 ಬಿಟ್ ಚೀಲಕ್ಕೆ ಹಾಕಿ, ಉಳಿದ ಜಾಗಕ್ಕೆ ಸೊನ್ನೆ ತುಂಬಿದ್ದಾರೆ. ಮೋಸವೇನಲ್ಲ, ಕಂಪ್ಯೂಟರಿಗೆ ಮೂರಕ್ಕಿಂತ ನಾಲ್ಕು ಬೈಟ್ ಸಲೀಸು. ಆದರೆ ಡಬ್ಬದ ಮೇಲೆ ಜಂಬ ಕೊಚ್ಚುವ ವಿಷಯವೂ ಅಲ್ಲ.

ಆ 24 ಕೂಡ ಪೂರ್ತಿ ದಕ್ಕುವುದಿಲ್ಲ. ಅತಿ ಸಣ್ಣ ಸದ್ದಿಗೂ ಅತಿ ಜೋರಿಗೂ ನಡುವಿನ ಅಂತರ ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್, 24ಕ್ಕೆ 144. ಮೈಕ್ ಕಿತ್ತು, ಗೇನ್ (ಮೈಕ್ ದನಿ ಹಿಗ್ಗಿಸುವ ಗುಂಡಿ) ಪೂರ್ತಿ ಇಳಿಸಿ ರೆಕಾರ್ಡ್ ಮಾಡಿ ನೋಡಿದೆ: ಗದ್ದಲ ಮೈನಸ್ 112ರಲ್ಲಿ, ಅಂದರೆ ಮೇಲಿನ ಮಿತಿಗಿಂತ 112 ಡೆಸಿಬೆಲ್ ಕೆಳಗೆ. ಭಾಗಿಸಿದರೆ ಹದಿನೆಂಟೂವರೆ ಬಿಟ್. ನನಗೆ ಅದೇ ಧಾರಾಳ. ಕೋಣೆಯ ಫ್ಯಾನ್ ಸದ್ದೇ ಅದಕ್ಕಿಂತ ಎಷ್ಟೋ ಜಾಸ್ತಿ. ಈಗ ಜೋರು ದನಿಯನ್ನೂ ಮೈನಸ್ 12ರ ಆಸುಪಾಸಿಗೆ ನಿಲ್ಲಿಸುತ್ತೇನೆ. ರಾಕ್ಷಸ ಆರಾಮಾಗಿ ನಗುತ್ತಿದ್ದಾನೆ. ರೆಕಾರ್ಡಿಂಗ್‌ಗೆ ಪೂರ್ತಿ ಅಂಕ.

ಸಿಟ್ಟು ಬರುವುದು ಪ್ಲೇಬ್ಯಾಕ್‌ನಲ್ಲಿ, ಅದೂ 16 ಬಿಟ್‌ಗೆ ಇಟ್ಟಾಗ. ಗಂಟೆಯ ನಾದ ಕರಗುವ ಕೊನೆಯ ತುಣುಕನ್ನು ಹೆಡ್‌ಫೋನ್ ಜೋರು ಮಾಡಿ ಕೇಳಿದರೆ, ಮರಳು ಉಜ್ಜಿದ ಹಾಗೆ ಜರ್ರ್ ಅನ್ನುತ್ತದೆ. 24ಕ್ಕೆ ಬದಲಿಸಿದರೆ ಮಾಯ. ಡ್ರೈವರ್ (ಕಂಪ್ಯೂಟರಿನಲ್ಲಿ ಈ ಪೆಟ್ಟಿಗೆಯನ್ನು ನಡೆಸುವ ಸಾಫ್ಟ್‌ವೇರ್) ಕೆಳಗಿನ 8 ಬಿಟ್‌ಗಳನ್ನು ಸುಮ್ನೆ ಕತ್ತರಿಸಿ ಎಸೆಯುತ್ತಿದೆ, ಡಿದರ್ ಹಾಕುತ್ತಿಲ್ಲ. ಕತ್ತರಿಸುವ ಮುಂಚೆ ಚಿಟಿಕೆಯಷ್ಟು ಗದ್ದಲ (ಅದೇ ಡಿದರ್) ಬೆರೆಸಿದ್ದರೆ ಈ ಜರ್ರ್ ಹೋಗಿ ಒಂದು ಸಣ್ಣ ಹಿಸ್ ಉಳಿಯುತ್ತಿತ್ತು, ಅಷ್ಟೇ. ರೆಕಾರ್ಡ್ ಮಾಡುವಾಗ ಇದು ಗೊತ್ತೇ ಆಗುವುದಿಲ್ಲ. ಮೈಕಿನ ಸ್ವಂತ ಹಿಸ್ಸೇ ಆ ಕೆಲಸ ಮಾಡಿಬಿಡುತ್ತದೆ.

ಡ್ರೈವರ್ ಹಾಕಿದಾಗ ಪ್ಲೇಬ್ಯಾಕ್ 16ರಲ್ಲೇ ಇರುತ್ತದೆ. ಇಂಥದ್ದು ಕೊಂಡರೆ ಮೊದಲು ಅದನ್ನು ಬದಲಿಸಿ. ಅಪ್‌ಡೇಟ್ ಆದಮೇಲೂ ಒಮ್ಮೆ ನೋಡಿ, ನನ್ನದು ಎರಡು ಸಲ ತಾನೇ ವಾಪಸ್ 16ಕ್ಕೆ ಹೋಗಿತ್ತು.