ಪರಿಸರ ನ್ಯಾಯದ ಕಿರುಪ್ರಬಂಧ: ಸಿದ್ಧಾಂತ, ತೀರ್ಪು, ನಡಾವಳಿ, ಯಾವುದರಿಂದ ಶುರು ಮಾಡಬೇಕು?

ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿ ಪರಿಸರ ನೀತಿ ಮತ್ತು ನ್ಯಾಯದ ಮೇಲೆ ಕಿರುಪ್ರಬಂಧ ಬರೆಯಲು ಮೂರು ದಾರಿಗಳಿವೆ. ಸಿದ್ಧಾಂತದಿಂದ ಹೊರಡಬಹುದು, ನ್ಯಾಯಾಲಯದ ತೀರ್ಪು ಹಿಡಿಯಬಹುದು, ಇಲ್ಲವೇ ಒಂದು ಯೋಜನೆಯ ಸಾರ್ವಜನಿಕ ಅಹವಾಲು ಸಭೆಯ (ಪರಿಸರ ಅನುಮತಿಗೆ ಮುಂಚೆ ಊರಿನವರ ಮಾತು ಕೇಳುವ ಸಭೆ) ನಡಾವಳಿ ಇಟ್ಟುಕೊಂಡು ಕೂರಬಹುದು. ಮೂರನ್ನೂ ಮಾಡಿ ನೋಡಿದ ಮೇಲೆ ನಮ್ಮ ಮತ ನಡಾವಳಿಗೆ.

ಸಿದ್ಧಾಂತದ ದಾರಿಯಲ್ಲಿ ಗ್ರಂಥಾಲಯ ಒಂದಿದ್ದರೆ ಕೆಲಸ ಶುರು. ಆದರೆ ಮೊದಲ ಎರಡು ಅಧ್ಯಾಯಗಳು ಮಾನವಕೇಂದ್ರಿತ, ಪರಿಸರಕೇಂದ್ರಿತ ವಾದಗಳ ಸಾರಾಂಶದಲ್ಲೇ ಮುಗಿದು, ಮೂರನೆಯದರಲ್ಲಿ ಯಾವುದೋ ಊರಿಗೆ ಆ ವಾದಗಳ ಹೆಸರು ಅಂಟಿಸುವುದಷ್ಟೇ ಉಳಿಯುತ್ತದೆ.

ತೀರ್ಪು ಇದಕ್ಕಿಂತ ಗಟ್ಟಿ. ಕುದುರೆಮುಖ ಗಣಿಗಾರಿಕೆ ಕುರಿತು ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ಕೊಟ್ಟ ತೀರ್ಪನ್ನೇ ನೋಡಿ. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಹೂಡಿದ ಪ್ರಕರಣ ಅದು. ಪ್ರಕೃತಿಯನ್ನು ನಾಶ ಮಾಡುವ ಮನುಷ್ಯ ಮಾತೃಹತ್ಯೆ ಮಾಡುತ್ತಿದ್ದಾನೆ ಎಂಬ ಮಾತಿನಿಂದ ತೀರ್ಪು ಆರಂಭವಾಗುತ್ತದೆ. ಆದರೂ ಗಣಿಗೆ 2005ರ ಕೊನೆಯ ತನಕ ಅವಕಾಶ ಸಿಕ್ಕಿತು. ಆಗಲೇ ಅಗೆದ ಜಾಗದ ಅದಿರು ಅಷ್ಟರೊಳಗೆ ಮುಗಿಯುತ್ತದೆ ಎಂಬುದು ಅರಣ್ಯ ಸಲಹಾ ಸಮಿತಿಯ ಲೆಕ್ಕವಾಗಿತ್ತು. ಮಾತೃಹತ್ಯೆ ಎಂದ ಮೇಲೂ ಮೂರು ವರ್ಷ ಹೇಗೆ ಒಪ್ಪಿತವಾಯಿತು? ಈ ಒಂದು ಪ್ರಶ್ನೆಯ ಮೇಲೆ ಇಡೀ ಅಧ್ಯಾಯ ನಿಲ್ಲಬಲ್ಲದು. ತೊಡಕು ಇಷ್ಟೇ: ತೀರ್ಪಿನಲ್ಲಿ ಕೇಳುವುದು ವಕೀಲರ, ಸಮಿತಿಗಳ ದನಿ. ಊರಿನವರು ಏನೆಂದರು ಎಂಬುದು ಅಲ್ಲಿ ಸಿಗುವುದು ಅಪರೂಪ.

ನಡಾವಳಿಯಲ್ಲಿ ಸಿಗುವುದು ಅದೇ. 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು, ಇಡೀ ಸಭೆಯ ವಿಡಿಯೊ ಆಗಬೇಕು, ಜನರ ಅಹವಾಲು ಮತ್ತು ಯೋಜನೆಯವರ ಉತ್ತರ ಕನ್ನಡ, ಇಂಗ್ಲಿಷ್ ಎರಡರಲ್ಲೂ ದಾಖಲಾಗಬೇಕು. ಎರಡೂ ಭಾಷೆಯ ಪ್ರತಿಗಳನ್ನು ಸಾಲಿಗೆ ಸಾಲು ಹೋಲಿಸಿ. ಕನ್ನಡದಲ್ಲಿ 'ನಮ್ಮ ದನ ಮೇಯುವ ಗೋಮಾಳ' ಎಂದಿದ್ದದ್ದು ಇಂಗ್ಲಿಷಿನಲ್ಲಿ ಬರೀ ಸರ್ಕಾರಿ ಜಮೀನು ಎಂದಾಗಿದ್ದರೆ ಗುರುತು ಹಾಕಿಕೊಳ್ಳಿ. ಮನ್ನಣೆಯ ನ್ಯಾಯ, ಅಂದರೆ ಜನರ ಬದುಕನ್ನೂ ಅವರ ಮಾತನ್ನೂ ಗುರುತಿಸಿ ಗೌರವಿಸುವುದು, ಎಂದು ಪಠ್ಯದಲ್ಲಿ ಓದಿದ್ದು ಆ ಒಂದು ಪದದಲ್ಲಿ ತಪ್ಪಿಹೋಗಿರುತ್ತದೆ. ಬಳಿಕ ಸಭೆಗೆ ಮುಂಚಿನ ಕರಡು ಇಐಎ ವರದಿಯನ್ನೂ ನಂತರದ ಅಂತಿಮ ವರದಿಯನ್ನೂ ಪಕ್ಕಪಕ್ಕ ಇಟ್ಟು, ಪ್ರತಿ ಅಹವಾಲಿಗೂ ವರದಿಯಲ್ಲಿ ಏನಾದರೂ ಬದಲಾಯಿತೇ ನೋಡಿ. 'ಕ್ರಮ ಕೈಗೊಳ್ಳಲಾಗುವುದು' ಎಂಬ ಉತ್ತರಗಳನ್ನು ಬೇರೆ ಎಣಿಸಿ. ಪ್ರಕ್ರಿಯೆಯ ನ್ಯಾಯವನ್ನು, ಅಂದರೆ ತೀರ್ಮಾನದಲ್ಲಿ ಜನರ ಮಾತಿಗೆ ನಿಜವಾಗಿ ಜಾಗ ಸಿಕ್ಕಿತೇ ಎಂಬುದನ್ನು, ಅಳೆಯಲು ಇದಕ್ಕಿಂತ ನೇರವಾದ ದಾರಿ ನಮಗೆ ಸಿಕ್ಕಿಲ್ಲ.

ನಡಾವಳಿಯೊಂದನ್ನೇ ನಂಬಬೇಡಿ. ಅದು ಬರೆದುಕೊಂಡವರ ಸಾರಾಂಶ. ಹತ್ತು ನಿಮಿಷದ ಮಾತು ಎರಡು ಸಾಲಾಗಿರಬಹುದು. ವಿಡಿಯೊ ಜತೆ ತಾಳೆ ನೋಡಲೇಬೇಕು. ಸಭೆಯಲ್ಲಿ ಬಾಯಿ ಬಿಡದ ಕೂಲಿಯವರು, ಹೆಂಗಸರು ಎರಡರಲ್ಲೂ ಇರುವುದಿಲ್ಲ, ಆ ಕೊರತೆ ತುಂಬಲು ಊರಿಗೆ ಹೋಗಿಯೇ ತೀರಬೇಕು. ಹಾಜರಾತಿ ಪಟ್ಟಿಯ ಹೆಸರು, ಸಹಿಗಳನ್ನು ಅನುಬಂಧಕ್ಕೆ ಹಾಕಬೇಡಿ. ಕಂಪನಿಯ ವಿರುದ್ಧ ಮಾತಾಡಿದವರು ಅದೇ ಊರಲ್ಲಿ ಬಾಳಬೇಕು.

ದಾಖಲೆ ಆನ್‌ಲೈನಿನಲ್ಲಿ ಸಿಗದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದಗಳ ಮಿತಿ. ಹಾಗಾಗಿ ನಡಾವಳಿ, ವಿಡಿಯೊ ಪ್ರತಿಗೆ ಒಂದು ಅರ್ಜಿ, ಅಂತಿಮ ಇಐಎ ವರದಿಗೆ ಇನ್ನೊಂದು. ಉತ್ತರಕ್ಕೆ 30 ದಿನ, ಬಾರದಿದ್ದರೆ ಮೇಲ್ಮನವಿಗೆ ಮತ್ತಷ್ಟು ದಿನ. ಸೆಮಿಸ್ಟರಿನ ಮೊದಲ ವಾರವೇ ಅರ್ಜಿ ಹೋಗದಿದ್ದರೆ ಈ ದಾರಿ ಕೈಕೊಡುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್, ಟೌನ್‌ಶಿಪ್ ನಿಮ್ಮ ವಿಷಯವಾದರೆ ಮಾತ್ರ ತೀರ್ಪಿನ ದಾರಿಯೇ ಸರಿ. ಕಟ್ಟಡ ಯೋಜನೆಗಳಿಗೆ ಅಹವಾಲು ಸಭೆಯಿಂದ ವಿನಾಯಿತಿ ಇದೆ. ಅಲ್ಲಿ ಪರಿಸರ ವ್ಯಾಜ್ಯಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಆದೇಶಗಳನ್ನು ಹುಡುಕಿ. ಆ ವಿನಾಯಿತಿ ನ್ಯಾಯವೇ ಎಂಬುದನ್ನೂ ಪ್ರಬಂಧದಲ್ಲಿ ಕೇಳಿ.