ವರ್ಡ್‌ನ ನೀಲಿ ಗೆರೆಯನ್ನು ಎಷ್ಟು ನಂಬಬಹುದು? ಮೂರು ವರ್ಷದ ಬಳಕೆಯ ಮೇಲೆ ಒಂದು ವಿಮರ್ಶೆ

ಇಂಗ್ಲಿಷ್ ಬರಹದಲ್ಲಿ ತಪ್ಪು ಕಂಡಲ್ಲಿ ಮೈಕ್ರೋಸಾಫ್ಟ್ ವರ್ಡ್ ಪದಗಳ ಕೆಳಗೆ ಎಳೆಯುವ ಗೆರೆಗಳ ವಿಮರ್ಶೆಯಿದು. ಅಂಕ: ಐದಕ್ಕೆ ಮೂರು. ಬಳಸಿದ ಊರು ರಾಯಚೂರು. ಎರಡು ಕೆಲಸಕ್ಕೆ ಬಳಸಿದ್ದು: ಕಚೇರಿ ಪತ್ರ, ಅರ್ಜಿ, ರೆಸ್ಯೂಮೆ ಟೈಪ್ ಮಾಡಿಕೊಡುವುದಕ್ಕೆ, ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ‘ಸ್ಪಾಟಿಂಗ್ ಎರರ್ಸ್’ (ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆ) ಅಭ್ಯಾಸಕ್ಕೆ. ಮೊದಲನೆಯದಕ್ಕಷ್ಟೇ ಅಂಕ ಹಾಕುವುದಾದರೆ ನಾಲ್ಕು, ಎರಡನೆಯದಕ್ಕೆ ಎರಡು. ಈ ಅಂತರ ಯಾಕೆ ಎಂಬುದೇ ಇಲ್ಲಿ ಹೇಳಬೇಕಾದ ಸಂಗತಿ.

ಕೆಂಪು ಗೆರೆ ಬಿದ್ದರೆ ಸ್ಪೆಲಿಂಗ್ ತಪ್ಪು, ನೀಲಿ ಜೋಡಿಗೆರೆ ಬಿದ್ದರೆ ವ್ಯಾಕರಣದ ತಪ್ಪು, ಚುಕ್ಕಿಗೆರೆ ಬಿದ್ದರೆ ಶೈಲಿಯ ಸಲಹೆ. ಇಷ್ಟು ಎಲ್ಲರಿಗೂ ಗೊತ್ತು. ಗೆರೆ ಬೀಳದಿದ್ದರೆ ತಪ್ಪೇ ಇಲ್ಲ ಎಂದುಕೊಳ್ಳುವುದರಲ್ಲೇ ಎಡವಟ್ಟಾಗುವುದು. ಗೆರೆ ಬೀಳದಿರಲು ಬೇರೆಯೇ ಕಾರಣಗಳಿರುತ್ತವೆ. ಮೊದಲು ಅವನ್ನು ಸರಿಮಾಡಿಕೊಳ್ಳಬೇಕು.

ಹೊಸ ಕಂಪ್ಯೂಟರಿನಲ್ಲಿ ಭಾಷೆ ಬಹುಮಟ್ಟಿಗೆ ಅಮೆರಿಕದ ಇಂಗ್ಲಿಷಿಗೆ ಹೊಂದಿಸಿಕೊಂಡಿರುತ್ತದೆ. ಕಂಟ್ರೋಲ್-ಎ ಒತ್ತಿ ಎಲ್ಲವನ್ನೂ ಆರಿಸಿ, ರಿವ್ಯೂ, ಲ್ಯಾಂಗ್ವೇಜ್, ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್‌ಗೆ ಹೋಗಿ ‘ಇಂಗ್ಲಿಷ್ (ಇಂಡಿಯಾ)’ ಆರಿಸಿಕೊಳ್ಳಿ. ಅದೇ ಪೆಟ್ಟಿಗೆಯ ಕೆಳಗೆ ‘ಡು ನಾಟ್ ಚೆಕ್ ಸ್ಪೆಲಿಂಗ್ ಆರ್ ಗ್ರಾಮರ್’ ಎಂಬ ಚೌಕವಿದೆ. ಬೇರೆ ಕಡೆಯಿಂದ ಪೇಸ್ಟ್ ಮಾಡಿದ ಪಠ್ಯದಲ್ಲಿ ಇದಕ್ಕೆ ಟಿಕ್ ಬಿದ್ದಿರುವುದುಂಟು. ಆಗ ಪುಟದ ತುಂಬ ತಪ್ಪಿದ್ದರೂ ಒಂದು ಗೆರೆಯೂ ಕಾಣದು. ಟಿಕ್ ತೆಗೆದು ಎಫ್7 ಒತ್ತಿದರೆ ಬಂಡವಾಳ ಬಯಲಾಗುತ್ತದೆ. ಹಿಂದೆ ಯಾರೋ ‘ಇಗ್ನೋರ್’ ಒತ್ತಿ ದಾಟಿಸಿದ್ದು ಮತ್ತೆ ಕಾಣಬೇಕೆಂದರೆ ಫೈಲ್, ಆಪ್ಷನ್ಸ್, ಪ್ರೂಫಿಂಗ್‌ನಲ್ಲಿ ‘ರೀಚೆಕ್ ಡಾಕ್ಯುಮೆಂಟ್’ ಒತ್ತಬೇಕು.

ನಮ್ಮ ಕಡೆಯ ಕಚೇರಿಗಳಿಗೇ ಅಂಟಿಕೊಂಡ ಇನ್ನೊಂದು ತೊಡಕು ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ. ಒಂದೇ ಪತ್ರದಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಇರುತ್ತದೆ. ಕನ್ನಡವನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಹೊಡೆದಿದ್ದರೆ ನಮ್ಮ ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪ್ಯಾರಾ ಪೂರ್ತಿ ಕೆಂಪಾಗುತ್ತದೆ. ತಪ್ಪುಗಳ ಸಂಖ್ಯೆ ಮಿತಿ ಮೀರಿದಾಗ ‘ತೋರಿಸಲಾಗದಷ್ಟು ತಪ್ಪುಗಳಿವೆ’ ಎಂಬ ಸೂಚನೆ ಕೊಟ್ಟು ವರ್ಡ್ ಗೆರೆ ತೋರಿಸುವುದನ್ನೇ ನಿಲ್ಲಿಸುತ್ತದೆ. ಅಲ್ಲಿಗೆ ಇಂಗ್ಲಿಷ್ ಭಾಗದ ನಿಜವಾದ ತಪ್ಪುಗಳೂ ಮುಚ್ಚಿಹೋದವು. ಮೇಲೆ ಹೇಳಿದ ಟಿಕ್ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಕನ್ನಡ ಪ್ಯಾರಾಗಳನ್ನಷ್ಟೇ ಆರಿಸಿ ಅವಕ್ಕೆ ಟಿಕ್ ಹಾಕಿ, ಇಂಗ್ಲಿಷ್ ಪ್ಯಾರಾಗಳನ್ನು ಹಾಗೇ ಬಿಡಿ.

ಇನ್ನು ಗೆರೆ ಚೆನ್ನಾಗಿ ಬೀಳುವುದು ಎಲ್ಲಿ? ವಾಕ್ಯದ ಆಕಾರದಲ್ಲೇ ಕಾಣುವ ತಪ್ಪುಗಳ ಮೇಲೆ. ‘ಹಿ ಡಿಡ್ ನಾಟ್ ವೆಂಟ್’, ‘ಶಿ ಡೋಂಟ್ ನೋ’, ‘ಮೋರ್ ಬೆಟರ್’ ಇವು ತಪ್ಪಿಸಿಕೊಳ್ಳುವುದು ಕಡಿಮೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದದ್ದು ಈ ಕಡೆಯವರಿಗೆಲ್ಲ ನೆನಪಿದೆ. ಅದನ್ನು ‘ಒನ್ ಆಫ್ ದ ಗೇಟ್ಸ್ ವರ್ ವಾಷ್ಡ್ ಅವೇ’ ಎಂದು ಬರೆದರೆ ‘ವರ್’ ಕೆಳಗೆ ಗೆರೆ ಬೀಳುತ್ತದೆ. ಕೊಚ್ಚಿಹೋದದ್ದು ‘ಒನ್’, ‘ಗೇಟ್ಸ್’ ಅಲ್ಲ, ಆದ್ದರಿಂದ ‘ವಾಸ್’ ಬರಬೇಕು. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ದೂರ ಬೆಳೆದಷ್ಟೂ ಭರವಸೆ ಕಡಿಮೆ. ‘ದ ಸಪ್ಲೈ ಆಫ್ ವಾಟರ್ ಟು ದ ಲೆಫ್ಟ್ ಬ್ಯಾಂಕ್ ಕೆನಾಲ್ ವಿಲೇಜಸ್ ಆಫ್ ಸಿಂಧನೂರ್ ಆ್ಯಂಡ್ ಮಾನ್ವಿ ತಾಲೂಕ್ಸ್ ಹ್ಯಾವ್ ಸ್ಟಾಪ್ಡ್’ ಎಂಬ ವಾಕ್ಯದಲ್ಲಿ ಕರ್ತೃ ‘ಸಪ್ಲೈ’. ಅದು ಒಂದೇ, ಹಾಗಾಗಿ ‘ಹ್ಯಾಸ್’. ಇಂಥದ್ದನ್ನು ಯಂತ್ರಕ್ಕೆ ಬಿಡದೆ ಪೆನ್ಸಿಲ್ ಹಿಡಿಯುವುದೇ ಸರಿ: ‘ಆಫ್’, ‘ಟು’, ‘ಇನ್’ನಿಂದ ಶುರುವಾಗುವ ತುಂಡುಗಳನ್ನೆಲ್ಲ ಹೊಡೆದುಹಾಕಿ, ಉಳಿದ ನಾಮಪದವನ್ನೂ ಕ್ರಿಯಾಪದವನ್ನೂ ಪಕ್ಕಪಕ್ಕ ಇಟ್ಟು ಓದಿ.

‘ಎ’ ಮತ್ತು ‘ಆ್ಯನ್’ ವಿಷಯದಲ್ಲಿ ಪೂರ್ತಿ ಪದವಾದರೆ ಪರವಾಗಿಲ್ಲ. ಸಂಕ್ಷೇಪಾಕ್ಷರ ಬಂದರೆ ಎಲ್ಲ ಸಲವೂ ನೆಚ್ಚುವಂತಿಲ್ಲ. ನಮ್ಮ ಅರ್ಜಿಗಳ ತುಂಬ ಸಂಕ್ಷೇಪಗಳೇ. ನಿಯಮ ಅಕ್ಷರದ್ದಲ್ಲ, ಉಚ್ಚಾರದ್ದು. ಎಫ್‌ಡಿಎ, ಎಸ್‌ಡಿಎ, ಎಸ್‌ಎಸ್‌ಎಲ್‌ಸಿ, ಆರ್‌ಟಿಸಿ, ಎಂಎಲ್‌ಎ ಇವೆಲ್ಲ ಬಾಯಲ್ಲಿ ಸ್ವರದಿಂದ ಶುರುವಾಗುತ್ತವೆ, ಆದ್ದರಿಂದ ‘ಆ್ಯನ್’. ಪಿಡಿಒ, ಕೆಪಿಎಸ್‌ಸಿ, ಯುಪಿಎಸ್‌ಸಿ ಇವಕ್ಕೆ ‘ಎ’. ‘ಯು’ ಬರಹದಲ್ಲಿ ಸ್ವರಾಕ್ಷರವಾದರೂ ಬಾಯಲ್ಲಿ ‘ಯ’ಕಾರವಾಗುತ್ತದೆ.

ಈಗ ಮುಖ್ಯ ಕೊರತೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದಾಗ ಹುಟ್ಟುವ ತಪ್ಪುಗಳಲ್ಲಿ ಒಂದು ಬಗೆಯವು ಇಂಗ್ಲಿಷ್ ವ್ಯಾಕರಣಕ್ಕೆ ಅಚ್ಚುಕಟ್ಟಾಗಿ ಹೊಂದುತ್ತವೆ. ಅರ್ಥ ಮಾತ್ರ ಬೇರೆಯಾಗಿರುತ್ತದೆ. ಬರೆದವರ ಮನಸ್ಸಿನಲ್ಲಿ ಏನಿತ್ತೆಂಬುದು ಯಂತ್ರಕ್ಕೆ ಗೊತ್ತಾಗುವ ದಾರಿಯಿಲ್ಲ. ಯಾವ ಕಂಪನಿಯ ಯಾವ ಸಾಧನಕ್ಕಾದರೂ ಈ ಗೋಡೆ ಎದುರಾಗುತ್ತದೆ.

‘ಇಂದ’ ಪ್ರತ್ಯಯವನ್ನೇ ನೋಡಿ. ‘ಸಿಂಧನೂರಿನಿಂದ’, ‘2019ರಿಂದ’, ‘ಐದು ವರ್ಷದಿಂದ’ ಮೂರಕ್ಕೂ ನಮಗೆ ಅದೊಂದೇ ಸಾಕು. ಇಂಗ್ಲಿಷಿನಲ್ಲಿ ಕ್ರಮವಾಗಿ ‘ಫ್ರಮ್’, ‘ಸಿನ್ಸ್’, ‘ಫಾರ್’ ಬೇಕು. ‘ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದು ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದಾಗುತ್ತದೆ. ಇಲ್ಲಿರುವುದು ಎರಡು ತಪ್ಪು. ಗೆರೆ ‘ಸಿನ್ಸ್’ ಕೆಳಗಷ್ಟೇ ಬಿದ್ದು, ಅದನ್ನು ‘ಫಾರ್’ ಮಾಡಿ ಸುಮ್ಮನಾದರೆ ಕೆಲಸ ಇನ್ನೂ ಕೆಟ್ಟಿತು. ‘ಐ ಆ್ಯಮ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂದರೆ ಐದು ವರ್ಷದ ಮಟ್ಟಿಗೆ ಇಲ್ಲಿರುವವನು ಎಂಬ ಅರ್ಥ ಬಂದು, ಗೆರೆ ಬೀಳಲು ಕಾರಣವೇ ಉಳಿಯುವುದಿಲ್ಲ. ಬರಬೇಕಾದ್ದು ‘ಹ್ಯಾವ್ ಬೀನ್ ವರ್ಕಿಂಗ್’. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ದಿನವೋ ಇಸವಿಯೋ ಆದರೆ ‘ಸಿನ್ಸ್’, ಎಣಿಸಿ ಹೇಳುವ ಅವಧಿಯಾದರೆ ‘ಫಾರ್’. ಎರಡರ ಜೊತೆಗೂ ಕ್ರಿಯಾಪದದಲ್ಲಿ ‘ಹ್ಯಾವ್’ ಅಥವಾ ‘ಹ್ಯಾಸ್’ ಇದೆಯೇ ಎಂದು ನೋಡಲೇಬೇಕು.

‘ನಿನ್ನೆಯೇ ಬಂದೆ’ ಎನ್ನುವಾಗಿನ ‘ಏ’ಕಾರ ಇಂಗ್ಲಿಷಿಗೆ ಹೋಗಿ ‘ಓನ್ಲಿ’ ಆಗುತ್ತದೆ: ‘ಐ ಕೇಮ್ ಎಸ್ಟರ್‌ಡೇ ಓನ್ಲಿ’. ಓದುವ ಇಂಗ್ಲಿಷಿನವನಿಗೆ ‘ನಿನ್ನೆ ಮಾತ್ರ ಬಂದೆ, ಬೇರೆ ದಿನ ಬಂದಿಲ್ಲ’ ಎಂದು ಕೇಳಿಸುತ್ತದೆ. ರಜೆ ಅರ್ಜಿಯಲ್ಲಿ ಇದು ಪೇಚಿಗೂ ಸಿಲುಕಿಸಬಹುದು. ‘ಇಬ್ಬರೂ ಬರಲಿಲ್ಲ’ ಎಂಬುದು ‘ಬೋತ್ ಡಿಡ್ ನಾಟ್ ಕಮ್’ ಆಗುತ್ತದೆ. ಒಬ್ಬ ಬಂದಿರಬಹುದೇನೋ ಎಂಬ ಸಂಶಯಕ್ಕೆ ಅಲ್ಲಿ ಜಾಗವಿದೆ. ‘ನೈದರ್ ಕೇಮ್’ ಎಂದರೆ ಸಂಶಯವಿಲ್ಲ. ‘ದಿನಾ ಬರುತ್ತಾರೆ’ ಎನ್ನಲು ‘ಹಿ ಯೂಸ್ಡ್ ಟು ಕಮ್ ಡೈಲಿ’ ಎಂದು ಬರೆದರೆ ಈಗ ಬರುವುದು ನಿಲ್ಲಿಸಿದ್ದಾರೆ ಎಂದಾಯಿತು. ಈಗಿನ ರೂಢಿಗೆ ‘ಹಿ ಕಮ್ಸ್ ಡೈಲಿ’ ಸಾಕು.

‘ಎರಡು ಎಕರೆ ಹೊಲ ಇದೆ’ ಎಂಬುದನ್ನು ‘ಐ ಆ್ಯಮ್ ಹ್ಯಾವಿಂಗ್ ಟೂ ಏಕರ್ಸ್’ ಎಂದು ಬರೆಯುವವರು ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಇದ್ದಾರೆ. ಒಡೆತನ, ಸಂಬಂಧ, ಕಾಯಿಲೆ ಹೇಳುವಾಗ ‘ಹ್ಯಾವ್’ ಅಷ್ಟೇ. ‘ಹ್ಯಾವಿಂಗ್ ಲಂಚ್’ ಸರಿಯಾದದ್ದಾದ್ದರಿಂದ ‘ಆ್ಯಮ್ ಹ್ಯಾವಿಂಗ್’ ಕಂಡ ಕೂಡಲೇ ಗೆರೆ ಎಳೆಯಲು ಯಂತ್ರಕ್ಕೂ ಧೈರ್ಯವಿರದು. ‘ಸೋಮವಾರದೊಳಗೆ’ ಎಂಬುದು ‘ವಿದಿನ್ ಮಂಡೇ’ ಅಲ್ಲ, ‘ಬೈ ಮಂಡೇ’. ‘ವಿದಿನ್’ ಮುಂದೆ ಅವಧಿ ಬೇಕು: ‘ವಿದಿನ್ ಸೆವೆನ್ ಡೇಸ್’. ‘ಚರ್ಚಿಸಿದೆವು’ ಎನ್ನುವಾಗ ‘ಬಗ್ಗೆ’ ತಲೆಯಲ್ಲಿ ಸುಳಿದು ‘ಡಿಸ್ಕಸ್ಡ್ ಅಬೌಟ್’ ಆಗುತ್ತದೆ. ‘ಡಿಸ್ಕಸ್’, ‘ಮೆನ್ಷನ್’, ‘ಅಟೆಂಡ್’, ‘ರೀಚ್’ ಇವು ನೇರವಾಗಿ ಕರ್ಮಪದವನ್ನೇ ಹಿಡಿಯುತ್ತವೆ. ‘ರೀಚ್ಡ್ ಟು ರಾಯಚೂರ್’ ತಪ್ಪು, ‘ರೀಚ್ಡ್ ರಾಯಚೂರ್’ ಸರಿ.

ನಾವು ‘ಮಾಹಿತಿಗಳು’, ‘ಸಲಹೆಗಳು’, ‘ಪೀಠೋಪಕರಣಗಳು’ ಎಂದು ಆರಾಮಾಗಿ ಬಹುವಚನ ಮಾಡುತ್ತೇವೆ. ‘ಇನ್ಫರ್ಮೇಷನ್’, ‘ಅಡ್ವೈಸ್’, ‘ಫರ್ನಿಚರ್’ಗಳಿಗೆ ಇಂಗ್ಲಿಷ್ ಒಪ್ಪುವುದಿಲ್ಲ. ಹೆಚ್ಚಿನವು ಸ್ಪೆಲಿಂಗ್ ಜಾಲಕ್ಕೇ ಸಿಕ್ಕಿಬೀಳುತ್ತವೆ. ಆದರೆ ಸಲಹೆಗಳು ಎಂದು ‘ಅಡ್ವೈಸಸ್’ ಬರೆಯಹೋಗಿ ಎಸ್ ಅಕ್ಷರದ ಕ್ರಿಯಾಪದ ರೂಪ ಹೊಡೆದರೆ ಅದು ನಿಘಂಟಿನಲ್ಲಿರುವ ಪದವೇ ಆದ್ದರಿಂದ ಕೆಂಪು ಗೆರೆ ಇರುವುದಿಲ್ಲ. ಎಷ್ಟು ಸಲಹೆ ಎಂದು ಎಣಿಸಲೇಬೇಕಿದ್ದರೆ ‘ಟೂ ಪೀಸಸ್ ಆಫ್ ಅಡ್ವೈಸ್’.

ಎಲ್ಲ ತಪ್ಪಿಗೂ ಕನ್ನಡವೇ ಕಾರಣವೆನ್ನುವುದು ಅನ್ಯಾಯ. ‘ಐ ವಾಂಟ್ ಟು ನೋ ವೆನ್ ವಿಲ್ ದ ಅಮೌಂಟ್ ಬಿ ಕ್ರೆಡಿಟೆಡ್’ ಎಂಬುದು ಶಾಲೆಯಲ್ಲಿ ಕಲಿತ ಪ್ರಶ್ನೆಯ ನಿಯಮವನ್ನು ಬೇಡದ ಕಡೆ ಹಚ್ಚಿದ್ದು. ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಸೇರಿದಾಗ ಕ್ರಮ ಮತ್ತೆ ನೇರವಾಗಬೇಕು: ‘ವೆನ್ ದ ಅಮೌಂಟ್ ವಿಲ್ ಬಿ ಕ್ರೆಡಿಟೆಡ್’. ಬ್ಯಾಂಕಿಗೆ, ತಾಲೂಕು ಕಚೇರಿಗೆ ಬರೆಯುವ ಪತ್ರಗಳಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು.

ಪರೀಕ್ಷೆಯ ಅಭ್ಯಾಸಕ್ಕೆ ಎರಡೇ ಅಂಕ ಕೊಟ್ಟಿದ್ದಕ್ಕೆ ಬೇರೆ ಕಾರಣಗಳಿವೆ. ಕೇಂದ್ರ ಸರ್ಕಾರದ ನೌಕರಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ ಇಂಗ್ಲಿಷಿನವು 25. ಪ್ರಶ್ನೆಗೆ 2 ಅಂಕ, ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ಸರಾಸರಿ 36 ಸೆಕೆಂಡಿನಲ್ಲಿ ಮುಗಿಸಬೇಕು. ಅಲ್ಲಿ ವಾಕ್ಯವನ್ನು ತುಂಡು ಮಾಡಿ ಕೊಟ್ಟಿರುತ್ತಾರೆ, ಕೊನೆಗೆ ‘ನೋ ಎರರ್’ ಆಯ್ಕೆಯೂ ಇರಬಹುದು. ಆ ವಾಕ್ಯವನ್ನು ಓರೆಗೆರೆ, ಎ, ಬಿ, ಸಿ ಸಮೇತ ವರ್ಡ್‌ಗೆ ಹಾಕಿದರೆ ತುಂಡುತುಂಡಾಗಿಯೇ ಓದಿಕೊಂಡು ಇಲ್ಲದ ಕಡೆ ಗೆರೆ ಎಳೆಯುತ್ತದೆ. ಗುರುತುಗಳನ್ನು ಅಳಿಸಿ ಒಂದೇ ವಾಕ್ಯ ಮಾಡಿಕೊಂಡೇ ಹಾಕಬೇಕು.

ಇನ್ನೂ ದೊಡ್ಡ ಅಪಾಯ ಚುಕ್ಕಿಗೆರೆ. ‘ಪದ ಹೆಚ್ಚಾಯಿತು’, ‘ಕರ್ಮಣಿ ಬೇಡ’ ಎಂಬ ಶೈಲಿಯ ಸಲಹೆಯನ್ನೇ ತಪ್ಪೆಂದು ತಿಳಿದು, ‘ನೋ ಎರರ್’ ಇರುವ ವಾಕ್ಯದಲ್ಲೂ ತಪ್ಪು ಹುಡುಕುವ ಚಾಳಿ ಬೀಳುತ್ತದೆ. ಫೈಲ್, ಆಪ್ಷನ್ಸ್, ಪ್ರೂಫಿಂಗ್‌ನಲ್ಲಿ ‘ರೈಟಿಂಗ್ ಸ್ಟೈಲ್’ ಎಂಬಲ್ಲಿ ‘ಗ್ರಾಮರ್ ಆ್ಯಂಡ್ ರಿಫೈನ್‌ಮೆಂಟ್ಸ್’ ಬದಲು ಬರೀ ‘ಗ್ರಾಮರ್’ ಇಟ್ಟುಕೊಂಡರೆ ಈ ಕಾಟ ತಪ್ಪುತ್ತದೆ. ಪರೀಕ್ಷೆಯವರಿಗೆ ಪ್ರಿಯವಾದ ಜೋಡಿಗಳಂತೂ ಬಾಯಿಪಾಠವೇ ಆಗಬೇಕು: ‘ನೋ ಸೂನರ್’ಗೆ ‘ದ್ಯಾನ್’, ‘ಹಾರ್ಡ್ಲಿ’, ‘ಸ್ಕೇರ್ಸ್ಲಿ’ಗೆ ‘ವೆನ್’, ‘ಸೀನಿಯರ್’, ‘ಪ್ರಿಫರ್’ಗೆ ‘ಟು’, ‘ಬಿಟ್ವೀನ್’ಗೆ ‘ಆ್ಯಂಡ್’, ‘ಆಲ್‌ದೋ’ ಬಂದರೆ ‘ಬಟ್’ ಬೇಡ, ‘ಅನ್‌ಲೆಸ್’, ‘ಲೆಸ್ಟ್’ ಬಂದರೆ ಮುಂದೆ ‘ನಾಟ್’ ಬೇಡ. ‘ಎ ನಂಬರ್ ಆಫ್’ ಬಂದರೆ ‘ಆರ್’, ‘ದ ನಂಬರ್ ಆಫ್’ ಬಂದರೆ ‘ಈಸ್’. ಅಭ್ಯಾಸದ ಕ್ರಮ ಹೀಗಿರಲಿ: ಮೊದಲು ಕಾಗದದ ಮೇಲೆ ಉತ್ತರ, ಪಕ್ಕದಲ್ಲಿ ಕಾರಣ ಒಂದು ಸಾಲು, ಆಮೇಲೆ ವರ್ಡ್. ಉತ್ತರ ಸರಿಯಿದ್ದು ಕಾರಣ ತಪ್ಪಿದ್ದರೆ ಅದನ್ನು ತಪ್ಪೆಂದೇ ಲೆಕ್ಕ ಹಾಕಬೇಕು.

ನೆಟ್ ಹೋದಾಗ ಕೆಲವು ಸಲಹೆಗಳು ಬರುವುದಿಲ್ಲ. ಆನ್‌ಲೈನ್ ತಿದ್ದುವ ತಾಣಗಳಿಗೆ ಅರ್ಜಿ ಪೇಸ್ಟ್ ಮಾಡುವ ಮುಂಚೆ ಆಧಾರ್, ಖಾತೆ ಸಂಖ್ಯೆ ಅಳಿಸಿಬಿಡಿ.

ಕೊನೆಗೆ ಊರ ಹೆಸರುಗಳು. ಲಿಂಗಸುಗೂರು, ಸಿರುಗುಪ್ಪ, ಯಲಬುರ್ಗಾ, ಕುಷ್ಟಗಿ ಎಲ್ಲಕ್ಕೂ ಕೆಂಪು ಗೆರೆ. 2014ರ ನವೆಂಬರ್ 1ರಿಂದ ‘ಬಳ್ಳಾರಿ’ ಎಂಬುದೇ ಅಧಿಕೃತ ರೂಪವಾದರೂ ಹಳೆಯ ಆವೃತ್ತಿಗಳಿಗೆ ‘ಬೆಲ್ಲರಿ’ಯೇ ಇಷ್ಟ. ಬಲಗುಂಡಿ ಒತ್ತಿ ‘ಆ್ಯಡ್ ಟು ಡಿಕ್ಷನರಿ’ ಕೊಟ್ಟರೆ ಮುಂದೆ ತೊಂದರೆಯಿಲ್ಲ. ಈ ಪಟ್ಟಿ ‘ಕಸ್ಟಮ್ ಡಿಕ್’ ಎಂಬ ಸಾದಾ ಪಠ್ಯ ಫೈಲಿನಲ್ಲಿರುವುದರಿಂದ ಪೆನ್‌ಡ್ರೈವಿಗೆ ಹಾಕಿಕೊಂಡು ಬೇರೆ ಕಂಪ್ಯೂಟರಿಗೂ ಒಯ್ಯಬಹುದು. ಅವಸರದಲ್ಲಿ ‘ರಿಸೀವ್’ನ ತಪ್ಪು ಸ್ಪೆಲಿಂಗ್ ಅದರೊಳಗೆ ಸೇರಿಕೊಂಡರೆ ಆ ಕಂಪ್ಯೂಟರಿನಲ್ಲಿ ಆ ತಪ್ಪಿಗೆ ಮತ್ತೆ ಗೆರೆಯೇ ಬೀಳದು. ಪ್ರೂಫಿಂಗ್‌ನಲ್ಲಿ ‘ಕಸ್ಟಮ್ ಡಿಕ್ಷನರೀಸ್’, ‘ಎಡಿಟ್ ವರ್ಡ್ ಲಿಸ್ಟ್’ ತೆರೆದು ತಿಂಗಳಿಗೊಮ್ಮೆ ಕಸ ಆರಿಸಿ. ನಾಲ್ಕು ಜನ ಕೂರುವ ಕಂಪ್ಯೂಟರಾದರೆ ವಾರಕ್ಕೊಮ್ಮೆ.